ಕುಡಿತಕ್ಕೆ ಪರವಾನಗಿ, ಗಾಂಜಾಕ್ಕೆ ಜೈಲು: ಎರಡನ್ನೂ ಹತ್ತಿರದಿಂದ ಕಂಡವನ ಅನುಭವ, ಒಂದು ಪ್ರಶ್ನೆ

ಚರ್ಚೆ ಆರಂಭಿಸಿದವರು: ಚಿತ್ರದುರ್ಗ ಜಿಲ್ಲೆಯ ಓದುಗ

ಮಾನ್ಯರೇ,

ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೇ ಬೇಡವೇ ಎಂಬ ವಾದ ನಮ್ಮಲ್ಲಿ ಆಗಾಗ ಏಳುತ್ತದೆ, ಎದ್ದಷ್ಟೇ ಬೇಗ ಅಡಗುತ್ತದೆ. ಆ ವಾದದಲ್ಲಿ ಚಟದ ಒಳಗೆ ಇದ್ದು ಬಂದವರ ಮಾತು ಕೇಳಿಬರುವುದು ಕಡಿಮೆ. ನಾನು ಹದಿನೇಳು ವರ್ಷ ಕುಡಿದವನು, ಬಿಟ್ಟು ಒಂಬತ್ತು ವರ್ಷವಾಯಿತು. ನನ್ನ ಚಿಕ್ಕಪ್ಪನ ಮಗ ಗಾಂಜಾ ಸೇದುತ್ತಿದ್ದ. ನನ್ನನ್ನು ಹಾಳು ಮಾಡಿದ ವಸ್ತು ಪರವಾನಗಿ ಇದ್ದ ಅಂಗಡಿಯಲ್ಲಿ, ದೀಪದ ಬೆಳಕಿನಲ್ಲಿ ಸಿಗುತ್ತಿತ್ತು. ಅವನ ವಸ್ತು ಜೇಬಿನಲ್ಲಿ ಸಿಕ್ಕಿದ ದಿನವೇ ಅವನ ಕೈಗೆ ಬೇಡಿ ಬಿತ್ತು. ಒಂದೇ ಮನೆತನದ ಈ ಎರಡು ಬದುಕುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನನ್ನಲ್ಲಿ ಎದ್ದ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

1999ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಡಿಕೆ ಮಂಡಿಯಲ್ಲಿ ಹಮಾಲಿ ಕೆಲಸಕ್ಕೆ ಸೇರಿದೆ. ದಿನವಿಡೀ ಮೂಟೆ ಹೊತ್ತ ಮೈಕೈ ನೋವಿಗೆ ಸಂಜೆ ಒಂದು ಪಾಕೆಟ್ ಸಾರಾಯಿ ಎಂಬುದು ಅಲ್ಲಿ ಎಲ್ಲರ ರೂಢಿಯಾಗಿತ್ತು. ಮೊದಲ ಎರಡು ವರ್ಷ ಅದು ನಿಜವಾಗಿಯೂ ನೋವಿನ ಮದ್ದೇ ಆಗಿತ್ತೆಂದು ಹೇಳಬೇಕು. ಮದುವೆಯಾದ ಮೇಲೆ ಬೆಳಿಗ್ಗೆ ಎದ್ದೊಡನೆ ಕೈ ನಡುಗಲು ಶುರುವಾಯಿತು, ಆ ನಡುಕ ನಿಲ್ಲಿಸಲು ಕುಡಿಯುವುದು ಶುರುವಾಯಿತು. ಅಲ್ಲಿಂದಾಚೆಗೆ ಕುಡಿತದಲ್ಲಿ ಸುಖವೆಂಬುದು ಇರಲಿಲ್ಲ. ಕುಡಿಯದವರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಕಷ್ಟ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಂದು ನನ್ನ ಹೆಂಡತಿ ಊರ ದೇವರಿಗೆ ಕಾಯಿ ಒಡೆಸಿ ಬಂದಳು. ಸಾರಾಯಿ ಅಂಗಡಿಗೆ ಬೀಗ ಬಿದ್ದ ಸಂಜೆಯೇ ನಾನು ಬಸ್ ನಿಲ್ದಾಣದ ಬಳಿಯ ವೈನ್ ಸ್ಟೋರಿಗೆ ಹೋಗಿ ಬ್ರಾಂದಿ ಕೊಂಡೆ. ಅಮಲು ಅಷ್ಟೇ, ಖರ್ಚು ಮಾತ್ರ ಹೆಚ್ಚಾಯಿತು. ಹಾಗೆಂದು ನಿಷೇಧದಿಂದ ಯಾರಿಗೂ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಅದೇ ತಾನೇ ಕುಡಿಯಲು ಕಲಿಯುತ್ತಿದ್ದ ನಮ್ಮ ಮಂಡಿಯ ಇಬ್ಬರು ಹುಡುಗರು ಆಗಲೇ ಕೈಬಿಟ್ಟರು. ಆದರೆ ದೇಹ ಆಗಲೇ ಒಗ್ಗಿಹೋಗಿದ್ದ ನನ್ನಂಥವರಿಗೆ ಅಂಗಡಿ ಮುಚ್ಚಿದರೂ ಬಾಯಾರಿಕೆ ಮುಚ್ಚಲಿಲ್ಲ.

2014ರ ಯುಗಾದಿಯಂದು ದೇವರ ಮುಂದೆ ಆಣೆ ಮಾಡಿ ಒಮ್ಮೆಲೇ ಬಿಟ್ಟೆ. ಮರುದಿನ ರಾತ್ರಿ ಫಿಟ್ಸ್ ಬಂತು. ಮೂರನೆಯ ರಾತ್ರಿ ಗೋಡೆಯ ತುಂಬ ಇರುವೆಗಳು ಹರಿದಾಡುವುದು ಕಂಡಿತು, ತೀರಿಹೋದ ಅಪ್ಪ ಬಾಗಿಲಲ್ಲಿ ನಿಂತಂತೆ ಕಂಡಿತು. ಗಾಳಿ ಸೋಕಿದೆ ಎಂದು ಮನೆಯವರು ಬೇವಿನ ಸೊಪ್ಪಿನಲ್ಲಿ ಇಳಿ ತೆಗೆಸಿದರು. ಬೆಳಗಿನ ಜಾವ ಜಿಲ್ಲಾ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಅಲ್ಲಿನ ವೈದ್ಯರು, ವರ್ಷಗಟ್ಟಲೆ ದಿನವೂ ಕುಡಿದವನು ಔಷಧವಿಲ್ಲದೆ ಏಕಾಏಕಿ ಬಿಟ್ಟರೆ ಪ್ರಾಣಕ್ಕೇ ಅಪಾಯವಿದೆ ಎಂದು ತಿಳಿಸಿದರು. ಅಲ್ಲಿಯವರೆಗೆ ನಾನು, ನನ್ನ ಹೆಂಡತಿ, ನಮ್ಮ ಊರು, ಎಲ್ಲರೂ ಇದನ್ನು ಮನಸ್ಸು ಗಟ್ಟಿಯಿಲ್ಲದವನ ದೋಷವೆಂದೇ ನಂಬಿದ್ದೆವು.

ಆಸ್ಪತ್ರೆಯಿಂದ ಬಂದು ಎರಡು ತಿಂಗಳಲ್ಲಿ ಮತ್ತೆ ಕುಡಿಯತೊಡಗಿದೆ. ಹೆಂಡತಿ ಓಲೆ ಗಿರವಿ ಇಟ್ಟು ನನ್ನನ್ನು ಬೇರೊಂದು ಊರಿನ ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಳು. ಮೂರು ತಿಂಗಳು ಬೀಗ ಹಾಕಿದ ಕೋಣೆಯಲ್ಲಿ ಇಪ್ಪತ್ತು ಮಂದಿ ಇದ್ದೆವು. ಅಷ್ಟು ದಿನದಲ್ಲಿ ಒಬ್ಬ ವೈದ್ಯರೂ ನಮ್ಮನ್ನು ನೋಡಲು ಬರಲಿಲ್ಲ. ಎದುರು ಮಾತಾಡಿದವರಿಗೆ ಪೈಪಿನಿಂದ ಹೊಡೆಯುತ್ತಿದ್ದರು, ನನಗೂ ಬಿದ್ದಿದೆ. ಅಲ್ಲಿಂದ ಬಿಡುಗಡೆಯಾದ ದಿನ ಮನೆ ಸೇರುವ ಮೊದಲೇ ಕುಡಿದೆ. ಕೊನೆಗೆ 2016ರಲ್ಲಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಹನ್ನೊಂದು ದಿನ ದಾಖಲಾದೆ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿದೆ, ವಾರಕ್ಕೊಮ್ಮೆ ಬಿಟ್ಟವರ ಕೂಟಕ್ಕೆ ಹೋದೆ. ನನಗೆ ಕೆಲಸಕ್ಕೆ ಬಂದದ್ದು ಇವೇ. ನಾನು ಎದ್ದದ್ದು ಶಿಕ್ಷೆಯಿಂದಲ್ಲ, ಅಂಗಡಿ ಮುಚ್ಚಿದ್ದರಿಂದಲೂ ಅಲ್ಲ.

ಈಗ ಚಿಕ್ಕಪ್ಪನ ಮಗನಾದ ನನ್ನ ತಮ್ಮನ ವಿಷಯ. ಅವನು ಕಾಲೇಜೊಂದರಲ್ಲಿ ಗುತ್ತಿಗೆ ಆಧಾರದ ಅಟೆಂಡರ್ ಆಗಿದ್ದ. ರಾತ್ರಿ ಕೆಲಸ ಮುಗಿಸಿ ಬಂದು ಗಾಂಜಾ ಸೇದಿ ಮಲಗುತ್ತಿದ್ದ, ಹೆಂಡತಿ ಮಕ್ಕಳನ್ನು ಹೊಡೆದವನಲ್ಲ, ಸಂಬಳ ತಪ್ಪದೆ ಮನೆಗೆ ಕೊಟ್ಟವನು. 2012ರಲ್ಲಿ ಕಾಲು ಕಿಲೋಗಿಂತ ಕಡಿಮೆ ಗಾಂಜಾದೊಂದಿಗೆ ಸಿಕ್ಕಿಬಿದ್ದ. ಜಾಮೀನಿಗೆ ನಿಲ್ಲುವವರಿಲ್ಲದೆ ಹತ್ತೊಂಬತ್ತು ದಿನ ಒಳಗಿದ್ದ. ನೌಕರಿ ಹೋಯಿತು. ಪ್ರಕರಣ ಐದು ವರ್ಷ ಎಳೆಯಿತು. ಜೈಲಿಗೆ ಹೋಗಿ ಬಂದವನೆಂಬ ಹೆಸರು ಹೊತ್ತುಕೊಂಡ ಮೇಲೆ ಅವನೂ ನನ್ನ ಜೊತೆ ಬಾರಿನಲ್ಲಿ ಕೂರತೊಡಗಿದ. ಆತ ಸೇದುತ್ತಿದ್ದುದರಿಂದ ಅವನಿಗೆ ಆದ ಹಾನಿಗಿಂತ ಅದಕ್ಕಾಗಿ ಸಿಕ್ಕ ಶಿಕ್ಷೆಯಿಂದ ಆದ ಹಾನಿ ದೊಡ್ಡದೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಹಾಗಾದರೆ ಗಾಂಜಾಕ್ಕೂ ಅಂಗಡಿ ತೆರೆಯಬೇಕೇ? ಇಲ್ಲಿ ನನ್ನ ಮನಸ್ಸು ಹಿಂಜರಿಯುತ್ತದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿ ಇಡಲಾಗಿತ್ತು. ಮಾರಾಟಕ್ಕೆ ಗುರಿ ನಿಗದಿಯಾದ ಮೇಲೆ ನನ್ನಂಥ ದಿನನಿತ್ಯದ ಕುಡುಕ ರೋಗಿಯಾಗಿ ಉಳಿಯುವುದಿಲ್ಲ, ಆ ಗುರಿಯನ್ನು ತುಂಬಿಸುವ ಗಿರಾಕಿಯಾಗುತ್ತಾನೆ. ಸೇದುವವನನ್ನು, ಕುಡಿಯುವವನನ್ನು ಅಪರಾಧಿಯಾಗಿ ನೋಡದೆ, ಅದೇ ಹೊತ್ತಿಗೆ ಇನ್ನೊಂದು ಅಮಲಿನ ವ್ಯಾಪಾರವನ್ನೂ ಹುಟ್ಟುಹಾಕದೆ ನಡೆಯುವ ದಾರಿಯೊಂದು ಇದೆಯೇ? ತಿಳಿದವರು ಹೇಳಬೇಕೆಂದು ವಿನಂತಿ.

ಪ್ರತಿಕ್ರಿಯೆ: ರಾಯಚೂರು ಜಿಲ್ಲೆಯ ಓದುಗಿ

ಅಣ್ಣನವರೇ, ತಮ್ಮ ಬರಹವನ್ನು ಎರಡು ಸಲ ಓದಿದೆ. ತಾವು ಬಿಟ್ಟು ಬದುಕಿದ್ದೀರಿ, ನಿಮ್ಮ ಮನೆಯವರ ಪುಣ್ಯ. ನನ್ನ ಯಜಮಾನರು ಬಿಡಲಿಲ್ಲ, ನಲವತ್ತೊಂದನೆಯ ವಯಸ್ಸಿನಲ್ಲಿ ಯಕೃತ್ತು ಕೆಟ್ಟು ಹೋದರು. ಆದ್ದರಿಂದ ನಿಷೇಧದ ವಿಷಯದಲ್ಲಿ ನಾನು ತಮ್ಮೊಂದಿಗೆ ಒಪ್ಪಲಾರೆ.

2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ತಮ್ಮ ಚಿತ್ರದುರ್ಗದಿಂದಲೇ ಬೆಂಗಳೂರಿನವರೆಗೆ ಹನ್ನೆರಡು ದಿನ ನಡೆದ ಸಾವಿರಾರು ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಕೂಲಿಯ ಹೆಂಗಸರೇ ಬಹಳ ಇದ್ದರು, ಕೆಲವರ ಕಾಲಲ್ಲಿ ಚಪ್ಪಲಿ ಹರಿದು ದಾರಿಯಲ್ಲೇ ಉಳಿದವು. ಒಬ್ಬ ಸಹೋದರಿಯನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡೆವು. ನಾವು ಅಷ್ಟು ದೂರ ನಡೆದದ್ದು ಯಾರನ್ನೋ ಜೈಲಿಗೆ ಕಳಿಸಲೆಂದು ಅಲ್ಲ. ಮಾರುವುದನ್ನು ನಿಲ್ಲಿಸಿ ಎಂದು ಕೇಳಲು ನಡೆದೆವು. ಸಂವಿಧಾನದ 47ನೆಯ ವಿಧಿಯಲ್ಲಿ ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಯತ್ನಿಸಬೇಕೆಂದು ಬರೆದಿದೆ. ಅಲ್ಲಿ ಬರೆದದ್ದನ್ನೇ ನಾವು ನೆನಪಿಸಿದೆವು.

ಪಟ್ಟಣದಲ್ಲಿ ಪರವಾನಗಿ ಇರುವ ಅಂಗಡಿ ಇರುತ್ತದೆ, ನಮ್ಮಂಥ ಹಳ್ಳಿಗೆ ಪರವಾನಗಿ ಇರುವುದಿಲ್ಲ. ಆದರೂ ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ, ಯಾರದೋ ಮನೆಯ ಹಿತ್ತಿಲಲ್ಲಿ 90 ಎಂ.ಎಲ್. ಪೊಟ್ಟಣ ಬೆಳಗಿನ ಆರಕ್ಕೇ ಸಿಗುತ್ತದೆ. ಕೂಲಿಯ ದುಡ್ಡಿಲ್ಲದಿದ್ದರೆ ಜೋಳ ಅಳೆದು ಕೊಟ್ಟರೂ ಆಗುತ್ತದೆ. ಪಟ್ಟಣದ ಕಾನೂನುಬದ್ಧ ಅಂಗಡಿಯೇ ಹಳ್ಳಿಯ ಅಕ್ರಮ ಮಾರಾಟಕ್ಕೆ ಮೂಲ. ಗಾಂಜಾವನ್ನು ಕಾನೂನುಬದ್ಧಗೊಳಿಸಿದರೆ ಕಳ್ಳ ವ್ಯಾಪಾರ ತಾನಾಗಿಯೇ ನಿಲ್ಲುತ್ತದೆ ಎನ್ನುವವರು ಒಮ್ಮೆ ನಮ್ಮ ಹಳ್ಳಿಗಳಿಗೆ ಬಂದು ನೋಡಲಿ ಎಂದು ಕೋರುತ್ತೇನೆ.

ಇನ್ನೊಂದು ಸಂಗತಿಯನ್ನು ಬೆಂಗಳೂರಿನ ಕಡೆಯವರು ಅರಿತಿರಲಿಕ್ಕಿಲ್ಲ. ನಮ್ಮ ಗಡಿಯ ಕಡೆ ಸೇಂದಿ ಎಂದು ಮಾರುವುದರಲ್ಲಿ ಎಷ್ಟೋ ಸಲ ಈಚಲ ಮರದ ರಸವೇ ಇರುವುದಿಲ್ಲ. ನೀರು, ಸಕ್ಕರಿನ್, ಜೊತೆಗೆ ಜನ ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್. ಅದಕ್ಕೆ ಒಗ್ಗಿದವರಿಗೆ ನಾಲ್ಕು ದಿನ ಸಿಗದಿದ್ದರೆ ಮೈಯೆಲ್ಲ ಅದುರಿ, ಗುರುತು ಪರಿಚಯ ತಪ್ಪಿ, ಹುಚ್ಚರಂತೆ ಓಡಾಡುತ್ತಾರೆ. ಅಂಥವರಲ್ಲಿ ಮುದುಕಿಯರೂ ಇದ್ದಾರೆ. ಅವರು ಕುಡಿದದ್ದು ಸೇಂದಿಯೆಂದು ನಂಬಿ.

ಪ್ರತಿಕ್ರಿಯೆ: ಹುಬ್ಬಳ್ಳಿಯ ವಕೀಲ

ಚರ್ಚೆ ಕಾನೂನಿನ ಸುತ್ತ ನಡೆಯುತ್ತಿರುವುದರಿಂದ, ಕಾನೂನಿನಲ್ಲಿ ಇರುವುದೇನೆಂದು ಮೊದಲು ಸ್ಪಷ್ಟಪಡಿಸುವುದು ಒಳ್ಳೆಯದು.

ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ ದೇಶದ ಕಾಯ್ದೆ, 1985ರ ನವೆಂಬರ್ 14ರಂದು ಜಾರಿಗೆ ಬಂತು. ಅದಕ್ಕೂ ಮೊದಲು ಗಾಂಜಾ ಹಲವು ಪ್ರಾಂತ್ಯಗಳಲ್ಲಿ ಅಬಕಾರಿ ಪರವಾನಗಿಯ ಸರಕೇ ಆಗಿತ್ತು. ಮಾದಕ ವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದಾಗ, ಗಾಂಜಾದ ವೈದ್ಯಕೀಯವಲ್ಲದ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸುವ ಹೊಣೆ ಭಾರತದ ಮೇಲಿತ್ತು, ಆ ಗಡುವು ಹತ್ತಿರ ಬಂದಾಗ ಈ ಕಾಯ್ದೆ ಬಂತು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ, ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಲ್ಲಿ ನಿಷೇಧಿತವಲ್ಲವೆಂದು ನಮ್ಮ ರಾಜ್ಯದ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದನ್ನು ವಿಚಾರಿಸುವಾಗ ಹೇಳಿದ್ದೂ ಈ ವ್ಯಾಖ್ಯೆಯ ಆಧಾರದಿಂದಲೇ.

ಒಂದು ಕಿಲೋವರೆಗಿನ ಗಾಂಜಾ ಸಣ್ಣ ಪ್ರಮಾಣ, 20 ಕಿಲೋಗೆ ಮೇಲ್ಪಟ್ಟದ್ದು ವಾಣಿಜ್ಯ ಪ್ರಮಾಣ. ಸಣ್ಣ ಪ್ರಮಾಣಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಂಜಾ ಸೇದಿದ್ದಕ್ಕೇ ಆರು ತಿಂಗಳವರೆಗೆ ಸೆರೆ ಅಥವಾ ದಂಡ. ಆದರೆ ಗಿಡ ಬೆಳೆಸಿದವನಿಗೆ ಹತ್ತು ವರ್ಷದವರೆಗೂ ಸೆರೆಯಾಗಬಹುದು. ಹೊಲದ ಬದುವಿನಲ್ಲಿ, ಜೋಳದ ಸಾಲಿನ ನಡುವೆ ನಾಲ್ಕು ಗಿಡ ಹಾಕಿಕೊಂಡ ವಯಸ್ಸಾದ ರೈತರ ಪರವಾಗಿ ನಾನು ವಾದಿಸಿದ್ದೇನೆ. ತಾವು ಎದುರಿಸುತ್ತಿರುವ ಶಿಕ್ಷೆ ಎಷ್ಟು ದೊಡ್ಡದೆಂದು ನಾನು ತಿಳಿಸಿದಾಗಲೇ ಅವರಿಗೆ ಗೊತ್ತಾದದ್ದು.

ಆದರೆ ಇದೇ ಕಾಯ್ದೆಯ 64ಎ ಸೆಕ್ಷನ್ನನ್ನು ಎಲ್ಲರೂ ತಿಳಿದಿರಬೇಕು. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಚಿಕಿತ್ಸೆಯನ್ನು ಪೂರ್ತಿ ಪಡೆಯದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಚರ್ಚೆ ಆರಂಭಿಸಿದವರ ತಮ್ಮನಿಗೆ ಈ ದಾರಿಯನ್ನು ಯಾರಾದರೂ ಹೇಳಿದ್ದರೇ ಎಂದು ತಿಳಿಯುವ ಕುತೂಹಲ ನನಗಿದೆ. ನನ್ನ ಕಕ್ಷಿದಾರರಲ್ಲಿ ಇದನ್ನು ಮೊದಲೇ ಕೇಳಿ ತಿಳಿದಿದ್ದವರು ಒಬ್ಬರೂ ಇರಲಿಲ್ಲ.

ರಾಯಚೂರಿನ ಅಕ್ಕನವರಿಗೆ ಗೌರವಪೂರ್ವಕವಾಗಿ ಒಂದು ಮಾತು. ಪೂರ್ಣ ನಿಷೇಧದ ಬಗ್ಗೆ ನನಗೆ ಭಯವಿದೆ. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಅಗ್ಗದ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ನಿಷೇಧವಿರುವ ಗುಜರಾತಿನಲ್ಲಿ 2009ರಲ್ಲಿ, ಮತ್ತೆ 2022ರಲ್ಲಿ ಅದೇ ವಿಷ ಜನರನ್ನು ಕೊಂದಿತು. 2016ರಲ್ಲಿ ನಿಷೇಧ ತಂದ ಬಿಹಾರದಲ್ಲಿಯೂ ಆಯಿತು. ಎಲ್ಲ ಕಡೆ ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ಹಳ್ಳಿಯ ಅಕ್ರಮ ಮಾರಾಟದ ಬಗ್ಗೆ ತಾವು ಬರೆದದ್ದನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅದನ್ನು ತಡೆಯಲು ಹೊಸ ಕಾನೂನಿನ ಅಗತ್ಯವಿಲ್ಲ, ಇರುವ ಅಬಕಾರಿ ಕಾಯ್ದೆಯೇ ಸಾಕು.

ಪ್ರತಿಕ್ರಿಯೆ: ದಾವಣಗೆರೆಯ ತಾಯಿ

ಚರ್ಚೆ ಆರಂಭಿಸಿದ ಸಹೋದರರ ಒಂದು ಮಾತು ನನ್ನನ್ನು ನೋಯಿಸಿತು. ಗಾಂಜಾದಿಂದ ಆದ ಹಾನಿ ಕಡಿಮೆ ಎಂಬಂತೆ ಬರೆದಿದ್ದೀರಿ. ನಿಮ್ಮ ತಮ್ಮನ ವಿಷಯದಲ್ಲಿ ಅದು ನಿಜವಿರಬಹುದು. ನನ್ನ ಮಗನ ವಿಷಯದಲ್ಲಿ ನಿಜವಲ್ಲ.

ಅವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ರಜೆಗೆ ಬಂದವನು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಪಕ್ಕದ ಮನೆಯವರ ಟಿ.ವಿ.ಯಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿದ. ನಾನು ಅನ್ನದಲ್ಲಿ ಏನೋ ಬೆರೆಸುತ್ತಿದ್ದೇನೆಂದು ತಟ್ಟೆ ತಳ್ಳಿದ. ಹಾಸ್ಟೆಲಿನಲ್ಲಿ ದಿನಕ್ಕೆ ನಾಲ್ಕೈದು ಸಲ ಸೇದುತ್ತಿದ್ದನೆಂದು ಅವನ ಸ್ನೇಹಿತನಿಂದ ತಿಳಿಯಿತು. ನನ್ನ ಸೋದರಮಾವನೊಬ್ಬರಿಗೆ ಮಾನಸಿಕ ಕಾಯಿಲೆ ಇತ್ತು, ಆ ಎಳೆ ನಮ್ಮ ಕುಟುಂಬದಲ್ಲಿದೆ. ಹಾಗಿದ್ದವರಿಗೆ ಗಾಂಜಾ ಹೆಚ್ಚು ಅಪಾಯವೆಂದು ಆಮೇಲೆ ವೈದ್ಯರು ಹೇಳಿದರು.

ಆ ವೈದ್ಯರ ಬಳಿಗೆ ನಾವು ಹೋದದ್ದು ಎಂಟು ತಿಂಗಳ ನಂತರ. ಆಸ್ಪತ್ರೆಯಲ್ಲಿ ಗಾಂಜಾ ಎಂದು ಬಾಯಿಬಿಟ್ಟರೆ ಪೊಲೀಸರಿಗೆ ತಿಳಿಸುತ್ತಾರೆ, ಮಗನ ಓದು ಮುಗಿದಂತೆಯೇ ಎಂದು ನಮ್ಮೆಜಮಾನರು ಹೆದರಿದ್ದರು. ಎಂಟು ತಿಂಗಳು ದೇವಸ್ಥಾನಗಳನ್ನು ಸುತ್ತಿದೆವು, ದಾರ ಕಟ್ಟಿಸಿದೆವು, ಸಂಬಂಧಿಕರಿಗೆ ಟೈಫಾಯಿಡ್ ಎಂದೆವು. ಕೊನೆಗೆ ಹೋದಾಗ ವೈದ್ಯರು ಪೊಲೀಸರ ಮಾತನ್ನೇ ಎತ್ತಲಿಲ್ಲ. ಮೊದಲೇ ಬಂದಿದ್ದರೆ ಇಷ್ಟು ಉಲ್ಬಣವಾಗುತ್ತಿರಲಿಲ್ಲ ಎಂದಷ್ಟೇ ಹೇಳಿದರು. ಆ ಮಾತು ದಿನವೂ ನನ್ನ ಕಿವಿಯಲ್ಲಿದೆ.

ಅಂಗಡಿ ತೆರೆಯುವುದನ್ನು ನಾನು ಒಪ್ಪುವುದಿಲ್ಲ. ಕಾಯ್ದೆಯ ಭಯವೂ ನನ್ನ ಮಗನನ್ನು ಸೇದದಂತೆ ತಡೆಯಲಿಲ್ಲ, ಚಿಕಿತ್ಸೆಗೆ ಹೋಗದಂತೆ ತಡೆಯಿತು. ಈಗ ಮಾತ್ರೆಯ ಮೇಲಿದ್ದಾನೆ, ಮನೆಯಲ್ಲಿದ್ದಾನೆ. ನಮ್ಮ ಮಾತು ಅವನ ಕಿವಿಗೆ ಬೀಳುವುದಿಲ್ಲ. ಬಿಟ್ಟು ಬದುಕಿದವರನ್ನು ಯಾರನ್ನಾದರೂ ಒಮ್ಮೆ ನೋಡಬೇಕು ಎಂದು ಮೊನ್ನೆ ತಾನಾಗಿಯೇ ಕೇಳಿದ. ಎಲ್ಲಿಗೆ ಕರೆದುಕೊಂಡು ಹೋಗಲಿ ಎಂಬುದು ನನಗೆ ತಿಳಿಯದು.

ಪ್ರತಿಕ್ರಿಯೆ: ಧಾರವಾಡದ ಮನೋರೋಗ ಶುಶ್ರೂಷಕಿ

ಇಪ್ಪತ್ತೆರಡು ವರ್ಷ ಈ ವಾರ್ಡುಗಳಲ್ಲಿ ಕೆಲಸ ಮಾಡಿದವಳಾಗಿ ಕೆಲವು ಮಾತು.

ದಿನವೂ ಹೆಚ್ಚು ಕುಡಿಯುವವರನ್ನು ಆಣೆ ಹಾಕಿಸಿ ಏಕಾಏಕಿ ಬಿಡಿಸಬೇಡಿ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನಗಳಲ್ಲಿ ಬರುತ್ತದೆ. ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ, ಮೈ ನಡುಕ ಎರಡರಿಂದ ನಾಲ್ಕನೆಯ ದಿನದೊಳಗೆ ಶುರುವಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಬರಬಹುದು. ಚಿಕಿತ್ಸೆ ದುಬಾರಿಯಲ್ಲ: ಕ್ರಮೇಣ ಇಳಿಸುತ್ತ ಬರುವ ನಿದ್ರಾಜನಕ ಮಾತ್ರೆ ಮತ್ತು ಬಿ1 ವಿಟಮಿನ್. ಬಿ1 ಕೊಡದೆ ಗ್ಲುಕೋಸ್ ಏರಿಸಿದರೆ ಕುಡಿತದಿಂದ ಸೊರಗಿದ ಮಿದುಳಿಗೆ ಶಾಶ್ವತ ಪೆಟ್ಟು ಬೀಳುವ ಸಂಭವವಿದೆ. ಹಳ್ಳಿಯಲ್ಲಿ ಸುಸ್ತು ಎಂದೊಡನೆ ಒಂದು ಬಾಟಲಿ ಹಾಕಿಸುವ ಪದ್ಧತಿಯನ್ನು ನೋಡಿದಾಗಲೆಲ್ಲ ನನಗೆ ಈ ಆತಂಕವಾಗುತ್ತದೆ.

ರೋಗಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ "ಕುಡಿತ ಬಿಡಿಸುವ ಪುಡಿ"ಗಳನ್ನು ದಯವಿಟ್ಟು ಕೊಳ್ಳಬೇಡಿ. ಅಂಥವುಗಳಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು. ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಅದೇ ಮಾತ್ರೆ ಒಳ್ಳೆಯ ಊರುಗೋಲು. ಕುಡಿಯಬೇಕೆಂಬ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಕೂಡ ಇದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ ಜನ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ದೇಶದ ಹೆಚ್ಚಿನ ಕಡೆ ಮದ್ಯ ಕಾನೂನುಬದ್ಧ, ಅಲ್ಲಿ ಕುಡಿಯುವವರಿಗೆ ಪೊಲೀಸರ ಭಯವಿಲ್ಲ, ಆದರೂ ಈ ಸ್ಥಿತಿ. ಆದ್ದರಿಂದ ಶಿಕ್ಷೆಯನ್ನು ತೆಗೆದೊಡನೆ ಜನ ಚಿಕಿತ್ಸೆಗೆ ಬರುತ್ತಾರೆಂದು ಭಾವಿಸಬಾರದು. ಚಿಕಿತ್ಸೆ ಅವರಿರುವಲ್ಲಿಗೆ ಹೋಗಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ರೋಗಗಳ ತರಬೇತಿ ಕೊಟ್ಟು ತೋರಿಸಿದರು. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ನಮ್ಮ ನೆಲದಲ್ಲೇ ಹುಟ್ಟಿದ ಆ ಮಾದರಿಯನ್ನು ಚಟದ ಚಿಕಿತ್ಸೆಗೆ ಪೂರ್ತಿಯಾಗಿ ಬಳಸದಿರುವುದು ನನಗೆ ಬಹಳ ನೋವಿನ ಸಂಗತಿ.

ಹೊಡೆಯುವ ಕೇಂದ್ರಗಳ ಬಗ್ಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಮತ್ತು ಮಾದಕ ವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅಂಥವರನ್ನು ದಾಖಲಿಸಿಕೊಳ್ಳುವ ಕೇಂದ್ರ ನೋಂದಣಿ ಮಾಡಿಸಲೇಬೇಕು. ಸೇರಿಸುವ ಮೊದಲು ನೋಂದಣಿ ಪತ್ರವನ್ನು ಕೇಳಿ, ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿ. ಉತ್ತರ ಕೊಡದ ಕಡೆ ಬಿಡಬೇಡಿ. ದೂರವಾಣಿಯಲ್ಲಿ ಮಾತಾಡಬೇಕೆನ್ನುವವರಿಗೆ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇವೆ.

ಪ್ರತಿಕ್ರಿಯೆ: ಕೆನಡಾದ ಸರ್ರೆ ನಗರದಿಂದ, ಮೂಲತಃ ಹಾಸನದವನು

ಇಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ವಯಸ್ಕರು ಹೊರಗೆ 30 ಗ್ರಾಂ ತನಕ ಇಟ್ಟುಕೊಳ್ಳಬಹುದು. ಜಾಹೀರಾತಿಗೆ ಕಟ್ಟುನಿಟ್ಟಿನ ಮಿತಿ ಇದೆ, ಪೊಟ್ಟಣ ಸಾದಾ ಇರಬೇಕು. ಯುವಕರ ಬಂಧನಗಳು ಬಹಳ ಕಡಿಮೆಯಾದದ್ದು ನಿಜವಾದ ಒಳಿತು. ಇನ್ನೊಂದೆಡೆ, ಮಿಠಾಯಿಯ ರೂಪದ ಗಾಂಜಾ ಮಾರಾಟಕ್ಕೆ ಬಂದ ಮೇಲೆ ಅದನ್ನು ತಿಳಿಯದೆ ತಿಂದ ಚಿಕ್ಕ ಮಕ್ಕಳು ಆಸ್ಪತ್ರೆ ಸೇರುವುದು ಹೆಚ್ಚಿತು. ಎರಡು ಮಕ್ಕಳ ತಂದೆಯಾಗಿ ನನಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2023ರ ಜನವರಿ 31ರಿಂದ ಹೆರಾಯಿನ್‌ನಂಥ ಕಠಿಣ ಮಾದಕಗಳನ್ನೂ 2.5 ಗ್ರಾಂವರೆಗೆ ಇಟ್ಟುಕೊಂಡರೆ ಬಂಧಿಸುವುದಿಲ್ಲವೆಂಬ ಪ್ರಯೋಗ ಆರಂಭವಾಯಿತು. ಬಸ್ ತಂಗುದಾಣ, ಉದ್ಯಾನ, ಆಸ್ಪತ್ರೆಗಳಲ್ಲಿ ಬಹಿರಂಗ ಸೇವನೆಯ ಬಗ್ಗೆ ಜನ ಸಿಟ್ಟಾದರು, 2024ರ ಮೇ ತಿಂಗಳಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಅದು ಮತ್ತೆ ಅಪರಾಧವಾಯಿತು. ಅಮೆರಿಕದ ಒರೆಗಾನ್ ರಾಜ್ಯವೂ 2020ರಲ್ಲಿ ಮತದಾರರು ಒಪ್ಪಿದ್ದ ಇಂಥದೇ ಕಾನೂನನ್ನು 2024ರಲ್ಲಿ ಹಿಂದಕ್ಕೆ ತಿರುಗಿಸಿತು. ಇದನ್ನು ನೋಡಿ ಅಪರಾಧಮುಕ್ತಗೊಳಿಸುವುದೇ ತಪ್ಪೆಂದು ತೀರ್ಮಾನಿಸುವವರಿದ್ದಾರೆ. ನನ್ನ ತಿಳಿವಳಿಕೆ ಬೇರೆ. ಚಿಕಿತ್ಸೆಗೆ ಹಾಸಿಗೆ ಕೇಳಿದವನಿಗೆ ವಾರಗಟ್ಟಲೆ ಕಾಯಿರಿ ಎನ್ನುವ ಊರಿನಲ್ಲಿ ಬಂಧನವನ್ನಷ್ಟೇ ನಿಲ್ಲಿಸಿದರೆ, ಬೀದಿಯಲ್ಲಿದ್ದವನು ಬೀದಿಯಲ್ಲೇ ಉಳಿಯುತ್ತಾನೆ.

ಚರ್ಚೆ ಆರಂಭಿಸಿದವರು ಕೇಳಿದ ದಾರಿಗೆ ಹತ್ತಿರವಾದದ್ದು ಪೋರ್ಚುಗಲ್ ದೇಶದ್ದು. 2001ರ ಜುಲೈ 1ರಿಂದ ಅಲ್ಲಿ ಹತ್ತು ದಿನದ ಬಳಕೆಯಷ್ಟು ಮಾದಕ ಇಟ್ಟುಕೊಳ್ಳುವುದು ಕ್ರಿಮಿನಲ್ ಅಪರಾಧವಲ್ಲ. ಆದರೆ ಮಾರುವುದು ಇಂದಿಗೂ ಅಪರಾಧ, ಅಂಗಡಿಯೂ ಇಲ್ಲ. ಸಿಕ್ಕಿಬಿದ್ದವನು ಮೂವರ ಸಮಿತಿಯೊಂದರ ಮುಂದೆ ಹೋಗುತ್ತಾನೆ. ಅದರಲ್ಲಿರುವವರು ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರು. ಚಟವಿದ್ದರೆ ಚಿಕಿತ್ಸೆಯ ಕಡೆಗೆ ನಡೆಸುತ್ತಾರೆ. ಸೂಜಿ ಚುಚ್ಚಿಕೊಳ್ಳುವವರಲ್ಲಿ ಎಚ್ಐವಿ ಹರಡುವುದು ಅಲ್ಲಿ ಬಹಳ ಇಳಿಯಿತು. ಅದಕ್ಕೆ ಕಾನೂನೊಂದೇ ಕಾರಣವಲ್ಲ, ಜೊತೆಜೊತೆಗೆ ಚಿಕಿತ್ಸೆಯನ್ನೂ ವಿಸ್ತರಿಸಿದ್ದರು.

ಚರ್ಚೆ ಆರಂಭಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ದಾವಣಗೆರೆಯ ತಾಯಿಯವರಲ್ಲಿ ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಒಬ್ಬ ತಮ್ಮನನ್ನು ನೋಡಿ ಗಾಂಜಾದ ಬಗ್ಗೆಯೇ ತೀರ್ಪು ಹೇಳಿದಂತೆ ಬರೆದದ್ದು ತಪ್ಪಾಯಿತು. ಕುಡಿದೂ ಎಂಬತ್ತು ವರ್ಷ ಬದುಕಿದ ನಮ್ಮೂರ ಅಜ್ಜನನ್ನು ತೋರಿಸಿ "ಕುಡಿತದಿಂದ ಏನೂ ಆಗುವುದಿಲ್ಲ" ಎಂದು ನಾನೇ ವರ್ಷಗಟ್ಟಲೆ ವಾದಿಸಿದವನು. ಅದೇ ತಪ್ಪನ್ನು ಇಲ್ಲಿಯೂ ಮಾಡಿದೆ.

ವಕೀಲರ ಪ್ರಶ್ನೆಗೆ ಉತ್ತರ: ಇಲ್ಲ, 64ಎ ಬಗ್ಗೆ ನಮಗೆ ಯಾರೂ ಹೇಳಲಿಲ್ಲ. ಬರಹ ಓದಿದ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆಗ ಗೊತ್ತಿದ್ದಿದ್ದರೆ ಆಸ್ಪತ್ರೆಗೆ ಹೋಗುತ್ತಿದ್ದೆನೇ ಇಲ್ಲವೇ ಹೇಳಲಾರೆ, ಆದರೆ ಕೇಳಿಯಾದರೂ ಇರುತ್ತಿದ್ದೆ ಎಂದ. ಅವನೀಗ ಗಾಂಜಾ ಬಿಟ್ಟಿದ್ದಾನೆ, ಕುಡಿತ ಬಿಟ್ಟಿಲ್ಲ.

ರಾಯಚೂರಿನ ಅಕ್ಕಾ, ತಾವು 2019ರಲ್ಲಿ ನಮ್ಮ ಊರಿನ ಹತ್ತಿರದ ಹೆದ್ದಾರಿಯಲ್ಲೇ ನಡೆದು ಹೋಗಿರಬೇಕು. ನಾನು ಬಿಟ್ಟು ಆಗ ಎರಡೂವರೆ ವರ್ಷವಾಗಿತ್ತು. ನನ್ನ ಹೆಂಡತಿ ರಸ್ತೆ ಬದಿಯಲ್ಲಿ ನಿಂತು ನಡೆಯುವವರಿಗೆ ಮಜ್ಜಿಗೆ ಕೊಟ್ಟು ಬಂದಳು. ನನಗೆ ಎದುರು ಬರಲು ಮುಖವಿರಲಿಲ್ಲ. ಪೂರ್ಣ ನಿಷೇಧವನ್ನು ನಾನು ಇಂದಿಗೂ ಒಪ್ಪಲಾರೆ, ವಿಷದ ಸಾರಾಯಿಯ ಭಯ ನನಗೂ ಇದೆ. ಆದರೆ ಹಳ್ಳಿಯ ಅಕ್ರಮ ಮಾರಾಟ ನಿಲ್ಲಬೇಕು ಎಂಬಲ್ಲಿ ನಾನು ಪೂರ್ತಿಯಾಗಿ ತಮ್ಮ ಜೊತೆಗಿದ್ದೇನೆ. ಮಾರಾಟ ಬೇಡವೆಂದು ಗ್ರಾಮಸಭೆ ನಿರ್ಣಯ ಮಾಡಿದರೆ ಅದಕ್ಕೆ ಬಲವಿರಬೇಕು. ಅಬಕಾರಿಯಿಂದ ಬರುವ ಹಣದಲ್ಲಿ ಒಂದು ಪಾಲನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ವ್ಯಸನ ಚಿಕಿತ್ಸೆಗೇ ಮೀಸಲಿಡಬೇಕು ಎಂಬುದನ್ನೂ ಸೇರಿಸುತ್ತೇನೆ. ನಾನು ಹದಿನೇಳು ವರ್ಷ ಆ ಖಜಾನೆಗೆ ಕಟ್ಟಿದವನು, ಕೇಳುವ ಹಕ್ಕು ನನಗಿದೆ.

ಕೆನಡಾದ ಸಹೋದರರು ಹೇಳಿದ ಪೋರ್ಚುಗಲ್ಲಿನ ಕ್ರಮ ನನ್ನ ಮನಸ್ಸಿಗೆ ಹಿಡಿಸಿತು. ಇಟ್ಟುಕೊಂಡವನನ್ನು ಮೂವರ ಮುಂದೆ ಕೂರಿಸುವುದು ನಮ್ಮ ಜಿಲ್ಲೆಗಳಲ್ಲಿ ಆಗದ ಕೆಲಸವೇನಲ್ಲ. ಆದರೆ ಶುಶ್ರೂಷಕಿ ಅಮ್ಮನವರು ಹೇಳಿದಂತೆ ತಾಲ್ಲೂಕಿನಲ್ಲಿ ಚಿಕಿತ್ಸೆಯ ಏರ್ಪಾಡು ಮೊದಲಾಗಬೇಕು, ಕಾನೂನು ಆಮೇಲೆ ಬದಲಾಗಲಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನ್ನ ಮೊದಲ ಬರಹದಲ್ಲಿ ನನಗೆ ಹೊಳೆದಿರಲಿಲ್ಲ.

ದಾವಣಗೆರೆಯ ಅಮ್ಮಾ, ನಮ್ಮ ಕೂಟ ಪ್ರತಿ ಗುರುವಾರ ಸಂಜೆ ಐದೂವರೆಗೆ ಸೇರುತ್ತದೆ. ಹೆಚ್ಚಿನವರು ನನ್ನಂತೆ ಕುಡಿತ ಬಿಟ್ಟವರು, ಆದರೆ ಗಾಂಜಾ ಬಿಟ್ಟ ಇಬ್ಬರು ಹುಡುಗರೂ ಬರುತ್ತಾರೆ, ಅವರಲ್ಲೊಬ್ಬ ತಮ್ಮ ಮಗನ ವಯಸ್ಸಿನವನೇ. ಅಲ್ಲಿ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ, ಉಪದೇಶ ಮಾಡುವುದಿಲ್ಲ. ಮೊದಲ ದಿನ ಮಾತಾಡದೆ ಸುಮ್ಮನೆ ಕೂತಿದ್ದರೂ ಸಾಕು, ನಾನು ಮೊದಲ ನಾಲ್ಕು ವಾರ ಹಾಗೆಯೇ ಕೂತಿದ್ದೆ. ಮಾತ್ರೆ ಮಾತ್ರ ವೈದ್ಯರು ಹೇಳುವ ತನಕ ನಿಲ್ಲಿಸಬಾರದು. ದಾವಣಗೆರೆಯಿಂದ ಮೂರು ಗಂಟೆಯ ಬಸ್ಸಿಗೆ ಹೊರಟರೆ ಸಮಯಕ್ಕೆ ಸರಿಯಾಗಿ ತಲುಪುತ್ತೀರಿ. ವಿಳಾಸವನ್ನು ಪ್ರತ್ಯೇಕವಾಗಿ ಕಳಿಸಿದ್ದೇನೆ. ಬಸ್ ನಿಲ್ದಾಣದಲ್ಲಿ ನಾನೂ ನನ್ನ ಹೆಂಡತಿಯೂ ಕಾದಿರುತ್ತೇವೆ.